ಪ್ರಶ್ನೆ ಕೇಳುವವರು ಯಾರು?

ಮದುವೆಯ ಮನೆಯಲ್ಲಿ ಊಟಕ್ಕೆ ಕುಳಿತವನ ಎಲೆಯ ಮುಂದೆ ಯಜಮಾನನೇ ಬಂದು ನಿಂತು, ಕೈಜೋಡಿಸಿ, ‘ಅಡುಗೆ ಹೇಗಿದೆ?’ ಎಂದು ವಿಚಾರಿಸಿದರೆ, ಸಾರಿಗೆ ಉಪ್ಪು ಹೆಚ್ಚಾಯಿತೆಂದು ಹೇಳುವ ಧೈರ್ಯ ಎಷ್ಟು ಮಂದಿಗೆ ಇದ್ದೀತು? ಆ ಮಾತು ಹೊರಬೀಳುವುದು ಹಿಂದಿರುಗುವ ಬಸ್ಸಿನಲ್ಲಿ, ಜೊತೆಯಲ್ಲಿ ಉಂಡವರ ನಡುವೆ. ವೈದ್ಯವಿಜ್ಞಾನವೂ ಈ ಲೋಕಾನುಭವಕ್ಕೆ ಹೊರತಲ್ಲವೆಂಬುದನ್ನು 2003ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಪ್ರಬಂಧವೊಂದು ತೋರಿಸಿಕೊಟ್ಟಿತು.

1938ರಲ್ಲಿ ರೋಮ್ ನಗರದ ಚೆರ್ಲೆಟ್ಟಿ ಮತ್ತು ಬೀನಿ ಎಂಬ ವೈದ್ಯರು ಮೊದಲಿಗೆ ಪ್ರಯೋಗಿಸಿದ, ನಮ್ಮ ಜನ ‘ಕರೆಂಟು ಕೊಡುವುದು’ ಎಂದು ಅಂಜುತ್ತಲೇ ಹೇಳುವ ವಿದ್ಯುತ್ ಚಿಕಿತ್ಸೆಯು, ಅನ್ನಾಹಾರಗಳನ್ನೂ ಬದುಕುವ ಇಚ್ಛೆಯನ್ನೂ ತೊರೆದ ತೀವ್ರ ಖಿನ್ನತೆಯ ರೋಗಿಗಳನ್ನು ಶೀಘ್ರವಾಗಿ ಮೇಲೆತ್ತಬಲ್ಲುದೆಂಬುದು ನಿಜ. ಆದರೆ ಅದನ್ನು ಪಡೆದವರಲ್ಲಿ ಶೇಕಡ 80ಕ್ಕಿಂತ ಹೆಚ್ಚು ಮಂದಿ ಸಂತುಷ್ಟರೆಂದೂ, ನೆನಪಿನ ನಷ್ಟವು ಗಣನೀಯವಾದುದಲ್ಲವೆಂದೂ ಬ್ರಿಟನ್ನಿನ ಮನೋವೈದ್ಯರ ರಾಯಲ್ ಕಾಲೇಜು ಸಾರುತ್ತಿದ್ದಾಗ, ಲಂಡನ್ನಿನಲ್ಲಿ ಆ ಪ್ರಬಂಧದ ಕರ್ತೃಗಳಾದ ಡಯಾನಾ ರೋಸ್ ಮತ್ತು ಸಂಗಡಿಗರು ಆ ಹೇಳಿಕೆಯ ಆಧಾರವನ್ನೇ ಪರೀಕ್ಷಿಸಲು ಹೊರಟರು. ಆ ತಂಡದಲ್ಲಿ ಇಬ್ಬರು ಸ್ವತಃ ಆ ಚಿಕಿತ್ಸೆಗೆ ಒಳಗಾದವರಾಗಿದ್ದರು.

ಅವರು ಕಲೆಹಾಕಿದ 35 ಅಧ್ಯಯನಗಳಲ್ಲಿ 26, ವೈದ್ಯರು ನಡೆಸಿದಂಥವು. ಉಳಿದ 9, ರೋಗಿಗಳೇ ನಡೆಸಿದವು, ಇಲ್ಲವೆ ಅವರ ಸಹಯೋಗದಿಂದ ನಡೆದವು. ಚಿಕಿತ್ಸೆ ಮುಗಿದ ಸ್ವಲ್ಪ ಕಾಲದಲ್ಲೇ, ಆಸ್ಪತ್ರೆಯ ಒಳಗೇ, ಚಿಕಿತ್ಸೆ ಕೊಟ್ಟ ವೈದ್ಯನೇ ನಾಲ್ಕಾರು ಪ್ರಶ್ನೆಗಳನ್ನು ಹಾಕಿ ಮುಗಿಸಿದಲ್ಲಿ ತೃಪ್ತಿಯ ಪ್ರಮಾಣವು ಏರುತ್ತಿತ್ತು. ಕಾಲ ಕಳೆದ ಮೇಲೆ ಅನ್ಯರು ಸಾವಧಾನವಾಗಿ ಕೇಳಿದಲ್ಲಿ ಇಳಿಯುತ್ತಿತ್ತು. ನೆನಪಿನ ನಷ್ಟವು ಉಳಿದುಕೊಂಡಿತೆಂದು ಹೇಳಿದವರು ಕನಿಷ್ಠಪಕ್ಷ ಮೂರರಲ್ಲೊಂದು ಪಾಲು. ವೈದ್ಯರು ಸುಳ್ಳು ಬರೆದರೆಂದು ಯಾರೂ ತಿಳಿಯಬೇಕಾಗಿಲ್ಲ. ಹೊಸದಾಗಿ ಕಲಿತುದನ್ನು ಒಪ್ಪಿಸಬಲ್ಲವನ ಸ್ಮರಣಶಕ್ತಿ ನೆಟ್ಟಗಿದೆಯೆಂದು ಅವರ ಪರೀಕ್ಷೆಗಳು ನಿರ್ಣಯಿಸುತ್ತಿದ್ದವು. ರೋಗಿಯು ದೂರುತ್ತಿದ್ದುದಾದರೋ, ಚಿಕಿತ್ಸೆಗೆ ಮುಂಚಿನ ತನ್ನ ಬಾಳಿನ ಘಟನೆಗಳು, ಮಗಳ ನಾಮಕರಣವೋ ತಂದೆಯ ಕೊನೆಯ ದಿನಗಳೋ, ಅಳಿಸಿಹೋದವೆಂದು.

ಅಳತೆಗೋಲಿನ ಕಥೆಯೂ ಇಂಥದೇ. ಮ್ಯಾಕ್ಸ್ ಹ್ಯಾಮಿಲ್ಟನ್ 1960ರಲ್ಲಿ ಪ್ರಕಟಿಸಿದ, ಇಂದಿಗೂ ಔಷಧಪರೀಕ್ಷೆಗಳಲ್ಲಿ ಬಳಕೆಯಲ್ಲಿರುವ ಖಿನ್ನತೆಯ ಮಾಪಕದಲ್ಲಿರುವ 17 ಅಂಶಗಳಲ್ಲಿ ಮೂರು ನಿದ್ರೆಗೇ ಮೀಸಲು: ನಿದ್ದೆ ಹತ್ತದಿರುವುದು, ನಡುರಾತ್ರಿ ಎಚ್ಚರವಾಗುವುದು, ನಸುಕಿಗೆ ಮುನ್ನವೇ ಕಣ್ಣು ತೆರೆಯುವುದು. 52 ದೇಶಗಳ 1,912 ರೋಗಿಗಳನ್ನೂ, 464 ಮಂದಿ ಆಪ್ತರನ್ನೂ, 627 ಮಂದಿ ಚಿಕಿತ್ಸಕರನ್ನೂ ‘ಚಿಕಿತ್ಸೆಯಿಂದ ಏನು ಸುಧಾರಿಸಬೇಕು?’ ಎಂದು ಕೇಳಿ 2020ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದರಲ್ಲಿ ಉತ್ತರಗಳು 80 ಬಗೆಯವಾದವು. ಅವುಗಳಲ್ಲಿ ಮುಂಚೂಣಿಯಲ್ಲಿದ್ದ ‘ಮನಸ್ಸಿನ ನೋವು’ ಹ್ಯಾಮಿಲ್ಟನ್ನನ ಪಟ್ಟಿಯಲ್ಲಿ ಪ್ರತ್ಯೇಕ ಅಂಶವಾಗಿ ಎಲ್ಲಿಯೂ ಇಲ್ಲ. ಒಡಲ ಬಾಧೆಯನ್ನೂ ಮನದ ಬಾಧೆಯನ್ನೂ ‘ಸಂಕಟ’ ಎಂಬ ಒಂದೇ ಮಾತಿನಲ್ಲಿ ಹೇಳಿಬಿಡುವ ನಮ್ಮ ಅಜ್ಜಿಯರಿಗೆ ಇದು ಹೊಸ ಸುದ್ದಿಯೆನಿಸದು.

ರೋಗಿಗಳನ್ನೂ ಸಂಶೋಧನೆಯಲ್ಲಿ ಸೇರಿಸಿಕೊಳ್ಳುವುದರಲ್ಲಿ ತೊಡಕೊಂದು ಉಳಿದೇ ಇದೆ. ಸಂಶೋಧಕರ ಸಮಿತಿಯಲ್ಲಿ ಕುಳಿತು ವಾದಿಸಬಲ್ಲವನು ಬಹುಮಟ್ಟಿಗೆ ಚೇತರಿಸಿಕೊಂಡವನೇ. ಹಾಸಿಗೆಯಿಂದೇಳುವುದೇ ದುಸ್ತರವಾದವನ ಪರವಾಗಿ ಅವನು ಎಷ್ಟರಮಟ್ಟಿಗೆ ಮಾತನಾಡಬಲ್ಲನೆಂಬುದನ್ನು ಪ್ರತಿ ಸಂದರ್ಭದಲ್ಲಿಯೂ ಹೊಸದಾಗಿ ಯೋಚಿಸಬೇಕಾಗುತ್ತದೆ. ಖಿನ್ನತೆಯು ಹಲವರಿಗೆ ಬೆಳಗಿನ ವೇಳೆಯಲ್ಲೇ ದಟ್ಟವಾಗಿರುವುದರಿಂದ, ಅಂಥವರನ್ನು ಸಭೆಗೆ ಕರೆಯುವುದಿದ್ದರೆ ಮಧ್ಯಾಹ್ನದ ಮೇಲೆ ಕರೆಯಬೇಕೆಂಬ ಸಣ್ಣ ವಿವೇಕವೂ ಇದರಲ್ಲಿ ಸೇರಿದೆ.