ಮಹಿಷಾಸುರನ ಮುಖದಲ್ಲಿ ಬಿಳಿ

ಕರಾವಳಿಯ ಒಂದು ಬಯಲು. ಯಕ್ಷಗಾನ, ದೇವಿಮಹಾತ್ಮೆ ಪ್ರಸಂಗ. ರಂಗಸ್ಥಳವನ್ನು ಬಳಸಿ ಹಿಂದಕ್ಕೆ ಹೋದರೆ ಚೌಕಿ. ಕೇಳಿಕೊಂಡು, ಚಪ್ಪಲಿ ಕಳಚಿಟ್ಟು ಒಳಗೆ ಹೋದೆ. ಒಂದು ತುದಿಯಲ್ಲಿ ದೇವರ ಮುಂದೆ ದೀಪ. ಎರಡೂ ಬದಿಗೆ ಸಾಲಾಗಿ ಕುಳಿತ ಕಲಾವಿದರು ಕನ್ನಡಿ ನೋಡಿಕೊಂಡು ತಮ್ಮ ಮುಖಕ್ಕೆ ತಾವೇ ಬಣ್ಣ ಹಚ್ಚುತ್ತಿದ್ದರು.

ಮೊದಲಿಗೆ ಪುಂಡುವೇಷ, ಸ್ತ್ರೀವೇಷದವರು. ಬಿಳಿ, ಹಳದಿ, ಕೆಂಪನ್ನು ಎಣ್ಣೆಯಲ್ಲಿ ಕಲಸಿ ಹಚ್ಚಿದ ತಿಳಿಬಣ್ಣ, ಕಣ್ಣಿಗೆ ಕಾಡಿಗೆ, ಹಣೆಗೆ ನಾಮ. ಮುಖ ಮೃದುವಾಗುತ್ತದೆ, ಅಷ್ಟೇ.

ನಾನು ನಿಂತುಬಿಟ್ಟಿದ್ದು ಮಹಿಷಾಸುರನ ಬಣ್ಣದ ವೇಷ ಹಾಕುತ್ತಿದ್ದವರ ಬಳಿ. ಕೆನ್ನೆಯ ಮೇಲೆ ಕೆಂಪು, ಕಣ್ಣಿನ ಸುತ್ತ ಕಪ್ಪು. ಅದರ ಮೇಲೆ ಚಿಟ್ಟಿ ಇಡುತ್ತಿದ್ದರು. ಅಕ್ಕಿಹಿಟ್ಟಿಗೆ ಸುಣ್ಣ ಸೇರಿಸಿದ ಹದ. ಕಡ್ಡಿಯ ತುದಿಯಲ್ಲಿ ಎತ್ತಿ ಚುಕ್ಕಿ ಚುಕ್ಕಿಯಾಗಿ ಮುಖಕ್ಕೆ ತಾಗಿಸಬೇಕು. ಒಣಗಿದಂತೆ ಒಂದೊಂದೂ ಮುಳ್ಳಿನ ಹಾಗೆ ನಿಲ್ಲುತ್ತದೆ. ಗಂಟೆಗಟ್ಟಲೆಯ ಕೆಲಸ. ಚಿಟ್ಟಿಯ ಸಾಲು ಬೆಳೆದ ಹಾಗೆ ಅವರ ಮಾತು ಕಡಿಮೆಯಾಯಿತು, ನೋಟ ಬಿಗಿಯಾಯಿತು. ಚುಕ್ಕಿ ಕದಲಬಾರದೆಂಬ ಎಚ್ಚರವೋ, ಪಾತ್ರ ಒಳಗಿಳಿಯುತ್ತಿತ್ತೋ, ಖಚಿತವಾಗಿ ಹೇಳಲಾರೆ. ಎರಡೂ ಇದ್ದೀತು.

ನಾಟ್ಯಶಾಸ್ತ್ರ ರೌದ್ರಕ್ಕೆ ಕೆಂಪು, ಭಯಾನಕಕ್ಕೆ ಕಪ್ಪು ಎನ್ನುತ್ತದೆ. ಈ ಮುಖಕ್ಕೆ ಎರಡೂ ಒಪ್ಪುತ್ತವೆ. ಆದರೆ ಬಿಳಿ ಅಲ್ಲಿ ಹಾಸ್ಯದ ಬಣ್ಣ. ಇಲ್ಲಿ ನಗು ತರಿಸುವಂಥದ್ದೇನೂ ಇಲ್ಲ. ಚಿಟ್ಟಿ ಇಡದೆ ಉಳಿದಿದ್ದ ಅರ್ಧ ಮುಖ ಬರೀ ಕೆಂಪಾಗಿ ಕಂಡಿತು. ಬಿಳಿ ಬಿದ್ದ ಅರ್ಧವನ್ನು ನೋಡಲು ಅಳುಕಾಯಿತು. ಒಂದು ಬಣ್ಣಕ್ಕೆ ಒಂದೇ ಭಾವ ಎಂದು ಗಂಟು ಹಾಕಲಾಗದು, ಪಕ್ಕದಲ್ಲಿ ಯಾವ ಬಣ್ಣವಿದೆ ಎನ್ನುವುದೇ ದೊಡ್ಡದು ಎಂದು ನನಗೆ ಅನ್ನಿಸಿದ್ದು ಅಲ್ಲೇ.

ಹೊರಬಂದು ಪ್ರೇಕ್ಷಕರ ನಡುವೆ ಕುಳಿತೆ. ನಡುರಾತ್ರಿಯ ಹೊತ್ತಿಗೆ ಹಿಂದಿನಿಂದ ಆರ್ಭಟ. ಮಹಿಷಾಸುರನ ಪ್ರವೇಶ ಜನರ ಮಧ್ಯದಿಂದಲೇ. ದೊಂದಿಗೆ ರಾಳದ ಪುಡಿ ಎರಚಿದಾಗ ಬೆಂಕಿ ಭಗ್ಗೆಂದು ಎದ್ದು, ಚಿಟ್ಟಿಯ ನೆರಳುಗಳು ಕೆನ್ನೆಯ ಮೇಲೆ ಓಡಾಡಿದವು. ಚೌಕಿಯಲ್ಲಿ ಹತ್ತಿರದಿಂದ ಕಂಡಿದ್ದ ಮುಖವೇ ಹೌದು, ಆದರೂ ಪಕ್ಕಕ್ಕೆ ಸರಿದೆ.

ರಂಗಸ್ಥಳ ಏರಿದ ಮೇಲೆ ಪ್ರಖರವಾದ ವಿದ್ಯುದ್ದೀಪ. ಕೆಂಪು ಚಪ್ಪಟೆಯಾಯಿತು, ಚಿಟ್ಟಿಯ ನೆರಳು ಅಳಿಸಿಹೋಯಿತು. ದೊಂದಿ, ಎಣ್ಣೆದೀಪಗಳ ಕಾಲದಲ್ಲಿ ರೂಪುಗೊಂಡ ಮುಖವರ್ಣಿಕೆ ಇದು. ಬಣ್ಣದ ವೇಷ ಬರುವಷ್ಟು ಹೊತ್ತಾದರೂ ದೀಪಗಳನ್ನು ತಗ್ಗಿಸಿದರೆ, ಅಷ್ಟು ಹೊತ್ತು ಕುಳಿತು ಇಟ್ಟ ಒಂದೊಂದು ಚಿಟ್ಟಿಯೂ ಕೊನೆಯ ಸಾಲಿನವರಿಗೂ ಮುಟ್ಟುತ್ತದೆ.