ಶ್ರದ್ಧೆಯೂ ವಿಚಾರವೂ



ದೇವರನ್ನು ನಂಬಿದವನು ಪ್ರಶ್ನೆ ಕೇಳಬಾರದೆಂದು ಕೆಲವರು ತಿಳಿದಿದ್ದಾರೆ. ಪ್ರಶ್ನೆ ಕೇಳುವವನಲ್ಲಿ ನಂಬಿಕೆಯೇ ಇಲ್ಲವೆಂದು ಇನ್ನು ಕೆಲವರು ತಿಳಿದಿದ್ದಾರೆ. ಎರಡೂ ಸರಿಯಲ್ಲವೆಂದು ನಾವು ಹೇಳುತ್ತೇವೆ.

ಕಠೋಪನಿಷತ್ತಿನ ನಚಿಕೇತನನ್ನು ನೋಡಿರಿ. ಅವನ ತಂದೆ ಯಜ್ಞಮಾಡಿ, ಹಾಲು ಬತ್ತಿದ ಮುದಿ ಹಸುಗಳನ್ನು ದಾನ ಕೊಡುತ್ತಿದ್ದನು. ಆಗ ಆ ಬಾಲಕನೊಳಗೆ ಶ್ರದ್ಧೆ ಹೊಕ್ಕಿತೆಂದು ಉಪನಿಷತ್ತು ಹೇಳುತ್ತದೆ. ಆ ಶ್ರದ್ಧೆ ಅವನ ಬಾಯಿ ಮುಚ್ಚಿಸಲಿಲ್ಲ. ತನ್ನನ್ನು ಯಾರಿಗೆ ಕೊಡುವಿರೆಂದು ತಂದೆಯನ್ನೇ ಕೇಳುವಂತೆ ಮಾಡಿತು. ಮುಂದೆ ಯಮನ ಮನೆಯಲ್ಲಿ 3 ರಾತ್ರಿ ಉಪವಾಸವಿದ್ದು, ಸತ್ತ ಮೇಲೆ ಮನುಷ್ಯನು ಇದ್ದಾನೆಯೋ ಇಲ್ಲವೋ ಎಂದು ಅವನು ಕೇಳಿದನು. ಆನೆ, ಕುದುರೆ, ಬಂಗಾರ, ದೀರ್ಘಾಯುಸ್ಸು ಇವೆಲ್ಲವನ್ನೂ ಯಮನು ಮುಂದಿಟ್ಟರೂ ಪ್ರಶ್ನೆಯನ್ನು ಬಿಡಲಿಲ್ಲ.

ನಮ್ಮ ಶರಣರ ದಾರಿಯೂ ಇದೇ. 12ನೆಯ ಶತಮಾನದ ಕಲ್ಯಾಣಕ್ಕೆ ಅಕ್ಕಮಹಾದೇವಿ ಬಂದಾಗ, ಅಲ್ಲಮಪ್ರಭುಗಳು ಆಕೆಯನ್ನು ಸುಮ್ಮನೆ ಒಳಗೆ ಕರೆದುಕೊಳ್ಳಲಿಲ್ಲವೆಂದು ಶೂನ್ಯಸಂಪಾದನೆ ತಿಳಿಸುತ್ತದೆ. ದೇಹದ ಮೋಹ ಹೋಗಿದ್ದರೆ ಅದನ್ನು ಕೂದಲಿನಿಂದ ಮುಚ್ಚಿದ್ದೇಕೆಂದು ನೇರವಾಗಿ ಕೇಳಿದರು. ಅಕ್ಕ ಮುನಿಯಲಿಲ್ಲ, ತನ್ನ ಅನುಭಾವದಿಂದ ಉತ್ತರ ಕೊಟ್ಟಳು. ಅನಂತರ ಶರಣರೆಲ್ಲ ಆಕೆಯನ್ನು ಕೊಂಡಾಡಿದರು.

ಬುದ್ಧಿಯೂ ಶಿವನು ಕೊಟ್ಟದ್ದೇ. ಸಿಡುಬನ್ನು ಅಮ್ಮನ ಮುನಿಸೆಂದು ನಂಬಿದ್ದ ಕಾಲವಿತ್ತು. ಲಸಿಕೆಯಿಂದ ಆ ರೋಗವೇ ಅಳಿಯಿತು. ಜಗತ್ತಿನಲ್ಲಿ ಸಿಡುಬು ಇಲ್ಲವೆಂದು 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಇದರಿಂದ ದೇವರೇನೂ ಸಣ್ಣವನಾಗಲಿಲ್ಲ. ಎಷ್ಟೋ ತಾಯಂದಿರ ಮಡಿಲು ಉಳಿಯಿತು.

ಮಗುವನ್ನು ಕಳೆದುಕೊಂಡ ತಾಯಿ, 'ನನ್ನ ಪೂಜೆಯಲ್ಲಿ ಏನು ಕೊರತೆಯಾಯಿತು ಬುದ್ಧೀ?' ಎಂದು ಕೇಳುವುದುಂಟು. ಕೊರತೆ ಏನೂ ಆಗಿಲ್ಲ, ತಾಯಿ. ರೋಗಕ್ಕೆ ಕಾರಣವನ್ನು ವೈದ್ಯರಲ್ಲಿ ಕೇಳಬೇಕು. ನೊಂದವಳ ಮೇಲೆ ದೋಷ ಹೊರಿಸುವುದು ಭಕ್ತಿಯಲ್ಲ, ಕ್ರೌರ್ಯ. ಆದರೆ ಕಾರಣ ತಿಳಿದ ಮಾತ್ರಕ್ಕೆ ಆಕೆಯ ದುಃಖ ತೀರುವುದಿಲ್ಲ. ನಾಳೆ ಎದ್ದು ಹೇಗೆ ಬಾಳಬೇಕೆಂಬುದನ್ನು ತರ್ಕವೊಂದೇ ಹೇಳಲಾರದು. ಅಲ್ಲಿ ಬೇಕಾದುದು ಶ್ರದ್ಧೆ, ಇಷ್ಟಲಿಂಗದ ಮುಂದೆ ಕುಳಿತು ಮನಸ್ಸನ್ನು ನಿಲ್ಲಿಸುವ ಸಾಧನೆ, ಜೊತೆಗೆ ನೆರೆಹೊರೆಯವರ ಕರುಣೆ.

ಷಟ್‌ಸ್ಥಲದಲ್ಲಿ ಭಕ್ತನಿಗೆ ಹೇಳಿದ್ದು ಶ್ರದ್ಧಾಭಕ್ತಿ. ಅದು ಮೊದಲನೆಯ ಮೆಟ್ಟಿಲು. ಅದರ ಮೇಲೆ ನಿಷ್ಠೆ, ಅವಧಾನ, ಅನುಭಾವ, ಆನಂದ, ಸಮರಸಗಳಿವೆ. ಮೊದಲ ಮೆಟ್ಟಿಲಿಲ್ಲದೆ ಏರಲಾಗದು. ಅಲ್ಲಿಯೇ ಕುಳಿತರೆ ಮನೆ ಸೇರಲಾಗದು. ಏರುವವನಿಗೆ ಎಚ್ಚರ ಬೇಕು. ಆ ಎಚ್ಚರವೇ ವಿಚಾರ.

ಆದುದರಿಂದ ಮನೆಯ ಮಕ್ಕಳು ದೇವರು ಎಲ್ಲಿದ್ದಾನೆ, ಸಾವು ಏಕೆ ಎಂದು ಕೇಳಿದರೆ ಗದರಿಸಬೇಡಿರಿ. ತಿಳಿದಷ್ಟು ಹೇಳಿರಿ, ತಿಳಿಯದುದನ್ನು ಅವರೊಡನೆ ಕೂಡಿ ಹುಡುಕಿರಿ. ಶ್ರದ್ಧೆಯೂ ವಿಚಾರವೂ ನಿಮ್ಮ ಬಾಳಿನಲ್ಲಿ ಎರಡು ಕಣ್ಣುಗಳಂತೆ ಬೆಳಗಲೆಂದು ಹಾರೈಸಿ ನಿಮ್ಮೆಲ್ಲರನ್ನೂ ಆಶೀರ್ವದಿಸುತ್ತೇವೆ.