ಹೊಸೆದ ತಂತಿ

ಬೆಂಗಳೂರಿನ ಹಳೆಯ ಕಚೇರಿ ಕಟ್ಟಡವೊಂದರಲ್ಲಿ ನವೀಕರಣ ನಡೆಯುತ್ತಿತ್ತು. ಫಾಲ್ಸ್ ಸೀಲಿಂಗಿನ ಹಲಗೆಗಳನ್ನೆಲ್ಲ ಕಳಚಿದ್ದರು. ತಲೆಯೆತ್ತಿದರೆ ಎ.ಸಿ.ಯ ತಗಡಿನ ಡಕ್ಟು, ನೀರಿನ ಪೈಪು, ಕರೆಂಟಿನ ವೈರು. ಅವುಗಳ ನಡುವೆ ದೂಳು ಹಿಡಿದು ಜೋತುಬಿದ್ದ ನೆಟ್‌ವರ್ಕ್ ಕೇಬಲ್ಲುಗಳ ಕಂತೆ. ಅದನ್ನು ಕಿತ್ತು ಹೊಸದು ಎಳೆಯಬೇಕಿತ್ತು. ಕೆಲಸಕ್ಕೆ ಬಂದಿದ್ದ ಹುಡುಗ ಹೊಸ ಪೆಟ್ಟಿಗೆಯಿಂದ ಒಂದು ಗೇಣು ಕತ್ತರಿಸಿ, ಮೇಲಿನ ಹೊದಿಕೆ ಸುಲಿದು ನನ್ನ ಕೈಗಿತ್ತ. ಒಳಗೆ ಎಂಟು ತಂತಿ. ದೀಪದ ಬತ್ತಿ ಹೊಸೆದ ಹಾಗೆ ಎರಡೆರಡನ್ನು ಸೇರಿಸಿ ಹೊಸೆದಿದ್ದರು. ನೀಲಿ, ಕಿತ್ತಳೆ, ಹಸಿರು, ಕಂದು. ಒಂದೊಂದಕ್ಕೂ ಜೊತೆಯಾಗಿ ಅದೇ ಬಣ್ಣದ ಗೆರೆಯುಳ್ಳ ಬಿಳಿ ತಂತಿ.

ಹಗ್ಗ ಹೊಸೆಯುವುದನ್ನು ನೋಡಿ ಬೆಳೆದವರಿಗೆ ಇದು ಗಟ್ಟಿಯಾಗಲೆಂದು ಮಾಡಿದ್ದು ಅನ್ನಿಸುತ್ತದೆ. ಅಲ್ಲ. ಗದ್ದಲದ ನಡುವೆ ಮಾತು ಕೆಡದಂತೆ ಕಾಯುವ ಉಪಾಯ ಅದು, ಟೆಲಿಫೋನಿನ ಬಾಲ್ಯದಿಂದ ಬಂದದ್ದು. ಆಗಿನ ಫೋನುಗಳಿಗೆ ಒಂದೇ ತಂತಿ. ವಿದ್ಯುತ್ತು ನೆಲದ ಮೂಲಕ ಹಿಂದಿರುಗುತ್ತಿತ್ತು. ಪಕ್ಕದಲ್ಲಿ ಟೆಲಿಗ್ರಾಫ್ ತಂತಿ ಹಾದಿದ್ದರೆ ಅದರ ಕಟಕಟ ಸದ್ದೂ ಕಿವಿಗೆ ಬೀಳುತ್ತಿತ್ತು. ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲಿ ಇದಕ್ಕೊಂದು ಪರಿಹಾರಕ್ಕೆ ಪೇಟೆಂಟ್ ಪಡೆದ: ಒಂದರ ಬದಲು ಎರಡು ತಂತಿ ಹಾಕಿ, ಅವನ್ನು ಒಂದಕ್ಕೊಂದು ಹೊಸೆಯುವುದು.

ಜೋಡಿಯ ಒಂದು ತಂತಿಯಲ್ಲಿ ವೋಲ್ಟೇಜ್ ಏರಿದಾಗ ಇನ್ನೊಂದರಲ್ಲಿ ಅಷ್ಟೇ ಇಳಿಯುತ್ತದೆ. ಆ ಕಡೆಯ ಯಂತ್ರ ಓದುವುದು ಎರಡರ ನಡುವಿನ ವ್ಯತ್ಯಾಸವನ್ನು ಮಾತ್ರ. ಹೊರಗಿನ ಗದ್ದಲ ಎರಡೂ ತಂತಿಗೆ ಸಮನಾಗಿ ಬಡಿದರೆ ವ್ಯತ್ಯಾಸ ಬದಲಾಗುವುದಿಲ್ಲ; ತಕ್ಕಡಿಯ ಎರಡೂ ತಟ್ಟೆಗೆ ಒಂದೇ ತೂಕದ ಕಲ್ಲು ಬಿದ್ದರೆ ಮುಳ್ಳು ಅಲುಗದಿರುವ ಹಾಗೆ. ಆದರೆ ಸಮನಾಗಿ ಬಡಿಯಬೇಕು. ತಂತಿಗಳು ನೇರವಾಗಿ ಪಕ್ಕಪಕ್ಕದಲ್ಲಿದ್ದರೆ ಗದ್ದಲದ ಮೂಲಕ್ಕೆ ಒಂದು ಯಾವಾಗಲೂ ಹತ್ತಿರ, ಇನ್ನೊಂದು ದೂರ. ಹೊಸೆದರೆ ಇಲ್ಲಿ ಹತ್ತಿರವಿದ್ದದ್ದು ಅರ್ಧ ಸುತ್ತಿನಾಚೆ ದೂರವಾಗುತ್ತದೆ. ಹೀಗೆ ಸರದಿ ಬದಲಾಗುತ್ತ ಹೋಗಿ ಲೆಕ್ಕ ಸರಿಹೋಗುತ್ತದೆ.

ಕೈಯಲ್ಲಿದ್ದ ತುಂಡನ್ನು ಬೆಳಕಿಗೆ ಹಿಡಿದು ನೋಡಿದೆ. ನಾಲ್ಕು ಜೋಡಿಗಳ ಹೊಸೆತ ಒಂದೇ ಅಳತೆಯದಾಗಿರಲಿಲ್ಲ. ಒಂದು ಬಿಗಿ, ಒಂದು ಸಡಿಲ, ಉಳಿದೆರಡು ನಡುವೆ ಎಲ್ಲೋ. ಇದು ಕಾರ್ಖಾನೆಯ ಅಜಾಗರೂಕತೆಯಲ್ಲ, ಬೇಕೆಂದೇ ಮಾಡಿದ್ದು. ಎಲ್ಲವನ್ನೂ ಒಂದೇ ಲಯದಲ್ಲಿ ಹೊಸೆದರೆ ಪಕ್ಕದ ಜೋಡಿಯ ಅದೇ ತಂತಿ ಪ್ರತಿ ಸುತ್ತಿನಲ್ಲೂ ಹತ್ತಿರ ಬಂದು, ಒಬ್ಬರ ಮಾತು ಇನ್ನೊಬ್ಬರಿಗೆ ಸೋರುತ್ತದೆ. ಲಯ ಬೇರೆಯಾದರೆ ಸೋರಿಕೆ ತಗ್ಗುತ್ತದೆ. ಇದಕ್ಕೊಂದು ಬೆಲೆಯೂ ಇದೆ: ಬಿಗಿಯಾಗಿ ಹೊಸೆದ ಜೋಡಿಗೆ ತಂತಿ ಹೆಚ್ಚು ಬೇಕು, ಆದ್ದರಿಂದ ಅದರ ಸಂಕೇತ ಸ್ವಲ್ಪ ತಡವಾಗಿ ತಲುಪುತ್ತದೆ. ನೂರು ಮೀಟರಿಗೆ ಈ ಅಂತರ 50 ನ್ಯಾನೋಸೆಕೆಂಡ್ ಮೀರಬಾರದು. 1999ರಲ್ಲಿ ಈ ಬಗೆಯ ತಾಮ್ರದ ಕೇಬಲ್ಲಿಗೆ ಬಂದ ಗಿಗಾಬಿಟ್ ಈಥರ್ನೆಟ್ ನಾಲ್ಕೂ ಜೋಡಿಯಲ್ಲಿ, ಅದೂ ಎರಡೂ ದಿಕ್ಕಿನಲ್ಲಿ ಒಟ್ಟಿಗೇ ಮಾತಾಡುತ್ತದೆ. ತಾನು ಆಡಿದ್ದರ ಪ್ರತಿಧ್ವನಿಯನ್ನು ಕಳೆದು, ಎದುರಿನವರ ಮಾತನ್ನಷ್ಟೇ ಕೇಳಿಸಿಕೊಳ್ಳುತ್ತದೆ. ಇಷ್ಟು ನಾಜೂಕಿನ ಕೆಲಸ ಗೋಡೆಯೊಳಗೆ ಹಗಲೂ ರಾತ್ರಿ ಸದ್ದಿಲ್ಲದೆ ನಡೆಯುತ್ತದೆ ಎನ್ನುವುದು ನನಗೆ ಇಂದಿಗೂ ಬೆರಗು.

ಕಾರ್ಖಾನೆ ಇಷ್ಟು ಎಚ್ಚರದಿಂದ ಹೊಸೆದದ್ದನ್ನು ಕೆಡಿಸಲು ಒಂದು ನಿಮಿಷ ಸಾಕು. ಗೋಡೆಯ ಸಾಕೆಟ್ಟಿಗೆ ತಂತಿ ಕೂರಿಸುವಾಗ ತುದಿ ಬಿಚ್ಚಲೇಬೇಕು, ಆದರೆ ಸುಮಾರು 13 ಮಿಲಿಮೀಟರಿಗಿಂತ ಹೆಚ್ಚು ಬಿಚ್ಚಬಾರದು. ಎಳೆಯುವಾಗಲೂ ಮಿತಿ ಇದೆ: ಹನ್ನೊಂದು ಕಿಲೋ ತೂಗುಬಿಟ್ಟಷ್ಟು ಬಲ, ಅದಕ್ಕೂ ಮೀರಿ ಜಗ್ಗಿದರೆ ಹೊಸೆತ ಹಿಗ್ಗುತ್ತದೆ. ಮೂಲೆಯಲ್ಲಿ ಮಡಚದೆ, ಕೇಬಲ್ಲಿನ ದಪ್ಪದ ನಾಲ್ಕು ಪಟ್ಟು ತ್ರಿಜ್ಯವಾದರೂ ಇರುವಂತೆ ಬಾಗಿಸಬೇಕು. ಕರೆಂಟಿನ ವೈರಿನ ಜೊತೆ ಉದ್ದಕ್ಕೂ ಓಡಿಸಬಾರದು; ದಾಟಲೇಬೇಕಾದರೆ ಅಡ್ಡಕ್ಕೆ, ಲಂಬಕೋನದಲ್ಲಿ ದಾಟಬೇಕು. ಪ್ಲಾಸ್ಟಿಕ್ ಟೈ ಹಾಕಿ ಕತ್ತು ಹಿಸುಕಿದಂತೆ ಬಿಗಿದರೂ ಒಳಗಿನ ಜೋಡಿಗಳ ಆಕಾರ ಕೆಡುತ್ತದೆ.

ಆ ಕಚೇರಿಯಲ್ಲಿ ಒಂದು ಹಳೆಯ ತಕರಾರಿತ್ತು. ಲೆಕ್ಕಪತ್ರ ವಿಭಾಗದ ಮೂಲೆಯ ಮೇಜಿನಲ್ಲಿ ನೆಟ್‌ವರ್ಕ್ ಯಾವತ್ತೂ ನಿಧಾನ, ಆಗಾಗ ಕಡಿತ. ಕಂಪ್ಯೂಟರನ್ನೇ ಎರಡು ಸಲ ಬದಲಿಸಿದ್ದರು. ಅಗ್ಗದ ಟೆಸ್ಟರ್ ಹಾಕಿದರೆ ಒಂದರಿಂದ ಎಂಟರವರೆಗೆ ದೀಪಗಳು ಸಾಲಾಗಿ ಹೊತ್ತುತ್ತಿದ್ದವು, ಎಲ್ಲ ಸರಿ ಎನ್ನುವಂತೆ. ಈಗ ಕೇಬಲ್ ಕಿತ್ತಾಗ ಆ ಹುಡುಗ ಕನೆಕ್ಟರನ್ನು ನೋಡಿದವನೇ, "ಇದನ್ನ ಜೋಡಿ ಪ್ರಕಾರ ಹಾಕಿಲ್ಲ ಸಾರ್, ಬಣ್ಣ ನೋಡ್ಕೊಂಡು ಸಾಲಾಗಿ ಹಾಕ್ಬಿಟ್ಟಿದಾರೆ" ಎಂದ.

ಎಂಟು ಪಿನ್ನುಗಳಲ್ಲಿ 1 ಮತ್ತು 2 ಒಂದು ಜೋಡಿ, 7 ಮತ್ತು 8 ಇನ್ನೊಂದು. ನಡುವಿನ 4 ಮತ್ತು 5 ಹಳೆಯ ಟೆಲಿಫೋನಿನ ಜಾಗ. ಅದನ್ನು ಅಲ್ಲಾಡಿಸದೆ ಉಳಿಸಿಕೊಂಡಿದ್ದರಿಂದ 3 ಮತ್ತು 6 ಅದರ ಆಚೀಚೆ ನಿಂತು ಜೋಡಿಯಾದವು. ಬಣ್ಣಗಳನ್ನು ಬರೀ ಸಾಲಾಗಿ ಕೂರಿಸಿದರೆ 3ಕ್ಕೆ ಒಂದು ಹೊಸೆತದ ತಂತಿ, 6ಕ್ಕೆ ಇನ್ನೊಂದು ಹೊಸೆತದ್ದು. ಎರಡೂ ತುದಿಯಲ್ಲಿ ಒಂದೇ ತಪ್ಪು ಮಾಡಿದರೆ ವಿದ್ಯುತ್ತು ಹರಿಯುತ್ತದೆ, ದೀಪ ಹೊತ್ತುತ್ತದೆ, ಆದರೆ ಹೊಸೆತದ ಉಪಕಾರ ಇರುವುದಿಲ್ಲ. ತಂತಿ ತುಂಡಾಗಿಲ್ಲ ಎಂಬುದನ್ನಷ್ಟೇ ದೀಪ ಹೇಳಬಲ್ಲದು. ಜೋಡಿಯಿಂದ ಜೋಡಿಗೆ ಎಷ್ಟು ಸೋರುತ್ತಿದೆ ಎಂದು ಅಳೆಯುವ ದುಬಾರಿ ಉಪಕರಣ ಬೇರೆಯೇ ಇದೆ. ಕೇಬಲ್ ಹಾಕಿಸುವವರು ಆ ವರದಿಯನ್ನು ಕೇಳಿ ಪಡೆಯಲೇಬೇಕು.

ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಕೇಬಲ್ಲಿನ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಪೆಟ್ಟಿಗೆ ಹಗುರ, ಬೆಲೆ ಕಡಿಮೆ, ಮೇಲ್ನೋಟಕ್ಕೆ ತಾಮ್ರವೇ. ಚಾಕುವಿನಿಂದ ಕೆರೆದರೆ ಬೆಳ್ಳಗೆ ಕಾಣುತ್ತದೆ. ಅಲ್ಯೂಮಿನಿಯಂ ತಾಮ್ರಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು ತಡೆ ಒಡ್ಡುತ್ತದೆ. ಈಗ ಕ್ಯಾಮೆರಾಗಳಿಗೂ ಸೀಲಿಂಗಿನ ವೈಫೈ ಪೆಟ್ಟಿಗೆಗಳಿಗೂ ನೆಟ್‌ವರ್ಕ್ ಕೇಬಲ್ಲಿನಲ್ಲೇ ಕರೆಂಟು ಹೋಗುತ್ತದೆ. 2018ರ ಮಾನದಂಡದಲ್ಲಿ ಗರಿಷ್ಠ 90 ವ್ಯಾಟ್. ಕಂತೆಗಟ್ಟಿದ ಕೇಬಲ್ಲುಗಳ ನಡುವಿನ ಶಾಖಕ್ಕೆ ಹೊರಬರಲು ದಾರಿ ಕಮ್ಮಿ. ಅಂಥ ಕಡೆ ಕಳಪೆ ತಂತಿ ಹಾಕುವುದು ಬೆಂಕಿಗೆ ಆಹ್ವಾನ ಕೊಟ್ಟಂತೆ.

ಮೂರನೇ ದಿನ ಎ.ಸಿ.ಯವರೂ ಎಲೆಕ್ಟ್ರಿಷಿಯನ್ನರೂ ಜಾಗಕ್ಕಾಗಿ ಜಗಳ ಮುಗಿಸಿದ ಮೇಲೆ ನೆಟ್‌ವರ್ಕಿನ ಟ್ರೇ ಬೇರೆಯಾಗಿ ಕೂತಿತು. ಸೀಲಿಂಗ್ ಮುಚ್ಚುವ ಮುನ್ನವೇ ಇದು ಆಗಬೇಕು. ಗೋಡೆಯ ಸಾಕೆಟ್ಟಿನಿಂದ ರ‍್ಯಾಕಿನವರೆಗೆ 90 ಮೀಟರ್ ದಾಟುವಂತಿಲ್ಲ, ಎರಡು ತುದಿಯ ಪ್ಯಾಚ್ ಕಾರ್ಡುಗಳಿಗೆ ಒಟ್ಟು ಹತ್ತು ಮೀಟರ್. ನಕ್ಷೆಯ ಮೇಲೆ ಎಪ್ಪತ್ತು ಎಂದಿದ್ದದ್ದು ಏರಿ ಇಳಿದು ತಿರುಗುವಷ್ಟರಲ್ಲಿ ಎಂಬತ್ತೈದಾಗಿತ್ತು. ಎಲ್ಲ ಎಳೆದು, ಎರಡೂ ತುದಿಗೆ ಒಂದೇ ಸಂಖ್ಯೆಯ ಚೀಟಿ ಅಂಟಿಸಿದ ಮೇಲೆ, ಹುಡುಗ ಖಾಲಿ ಉಳಿದ ಪೈಪಿನೊಳಗೆ ಒಂದು ನೈಲಾನ್ ದಾರ ತೂರಿಸಿ ಎರಡೂ ಕಡೆ ಗಂಟು ಹಾಕಿದ. ಯಾಕಪ್ಪಾ ಎಂದೆ.

"ಮುಂದೆ ಇನ್ನೊಂದು ಕೇಬಲ್ ಬೇಕಾದ್ರೆ ಇದಕ್ಕೇ ಕಟ್ಟಿ ಎಳ್ಕೋಬಹುದು ಸಾರ್, ಸೀಲಿಂಗ್ ಬಿಚ್ಚಬೇಕಾಗಿಲ್ಲ." ಏಣಿ ಇಳಿದು, ಮುಂದಿನ ಪೈಪಿಗೆ ದಾರ ಅಳೆಯತೊಡಗಿದ.